ಬೆನ್ನುಮೂಳೆಯಲ್ಲಿ ‘ಸಿಸ್ಟ್’ ಅಂದ್ರೆ ಏನು? ಯಾಕೆ ಆಗುತ್ತೆ, ಹೇಗೆ ಬೆಳೆಯುತ್ತೆ, ಯಾವಾಗ ತಡ ಮಾಡಬಾರದು?

ಸೊಂಟ ನೋವು ಅಂತ ಎಂಆರ್‌ಐ ಮಾಡಿಸಿದವರ ಕೈಗೆ ರಿಪೋರ್ಟ್ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಡಿಸ್ಕ್ ವಿಷಯ. ಅದರ ಕೆಳಗೆ ಎಲ್ಲೋ ಒಂದು ಸಾಲಿನಲ್ಲಿ ‘ಸಿಸ್ಟ್’ ಅನ್ನೋ ಪದ ಇದ್ದರೆ ಮನೆಯವರ ನಿದ್ದೆ ಕೆಡುತ್ತದೆ. ‘ಬೆನ್ನಲ್ಲಿ ಗಡ್ಡೆ ಆಗಿದೆಯಂತೆ’ ಅಂತ ಸುದ್ದಿ ಸಂಜೆಯೊಳಗೆ ಬೀದಿ ತುಂಬಾ ಹರಡುತ್ತದೆ. ಕೆಲವರು ಅದು ಕ್ಯಾನ್ಸರೇ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಇನ್ನು ಕೆಲವರು ನೇರ ಉಳುಕು ತೆಗೆಯುವವರ ಹತ್ತಿರ ಹೋಗುತ್ತಾರೆ.

ಬೆನ್ನುಮೂಳೆಯ ಸಿಸ್ಟ್‌ಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಎಷ್ಟೋ ಜನರಲ್ಲಿ ಅವು ಯಾವ ತೊಂದರೆಯನ್ನೂ ಕೊಡದೆ ಜೀವನಪೂರ್ತಿ ಸುಮ್ಮನೆ ಇರುತ್ತವೆ. ಆದರೆ ಅದೇ ಸಿಸ್ಟ್ ನರವನ್ನು ಒತ್ತಲು ಶುರು ಮಾಡಿದರೆ ಕಾಲಿನ ಶಕ್ತಿ, ಮೂತ್ರದ ಹಿಡಿತ ಹೋಗುವ ಅಪಾಯವೂ ಇದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರು: ಅದು ಯಾವ ಬಗೆಯ ಸಿಸ್ಟ್? ಎಲ್ಲಿದೆ? ನನಗಿರುವ ನೋವಿಗೆ ಅದೇ ಕಾರಣವಾ?

ಸಿಸ್ಟ್ ಬೇರೆ, ಗಡ್ಡೆ ಬೇರೆ

ಸಿಸ್ಟ್ ಅಂದರೆ ತೆಳು ಗೋಡೆಯ ಒಂದು ಚೀಲ. ಒಳಗೆ ನೀರಿನಂಥ ದ್ರವ, ಲೋಳೆ, ರಕ್ತ ಅಥವಾ ಸತ್ತ ಚರ್ಮದ ಕಣಗಳು ತುಂಬಿರುತ್ತವೆ. ಟ್ಯೂಮರ್ ಅಥವಾ ಗಡ್ಡೆ ಅಂದರೆ ಜೀವಕೋಶಗಳೇ ಲೆಕ್ಕ ತಪ್ಪಿ ಬೆಳೆದು ಗಟ್ಟಿಯಾದದ್ದು. ಗಡ್ಡೆಗಳಲ್ಲಿ ಕ್ಯಾನ್ಸರ್ ಇರುವುದು, ಇಲ್ಲದಿರುವುದು ಎರಡೂ ಉಂಟು. ಕೆಲವು ಗಡ್ಡೆಗಳೊಳಗೆ ನೀರಿನ ಭಾಗವೂ ಇರಬಹುದು. ಅನುಮಾನ ಬಂದಾಗ ವೈದ್ಯರು ಕಾಂಟ್ರಾಸ್ಟ್ ಔಷಧಿ ಕೊಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲು ಹೇಳುವುದು ಇದಕ್ಕೇ.

ಚೀಲ ಚಿಕ್ಕದಿದ್ದರೂ ಜಾಗ ಇಕ್ಕಟ್ಟಾದರೆ ತೊಂದರೆ ಕೊಡುತ್ತದೆ. ಜಾಗ ವಿಶಾಲ ಇದ್ದರೆ ದೊಡ್ಡ ಚೀಲವೂ ಗೊತ್ತಾಗುವುದಿಲ್ಲ. ‘ಎಷ್ಟು ಸೆಂಟಿಮೀಟರ್ ಇದೆ’ ಅನ್ನೋದಕ್ಕಿಂತ ‘ಎಲ್ಲಿದೆ’ ಅನ್ನೋದೇ ಇಲ್ಲಿ ಮುಖ್ಯ.

ಮೊದಲು ಬೆನ್ನಿನ ರಚನೆ ಸ್ವಲ್ಪ ತಿಳಿಯೋಣ

ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ ಒಟ್ಟು 24 ಬಿಡಿ ಮೂಳೆಗಳು ಒಂದರ ಮೇಲೊಂದು ಕೂತಿವೆ. ಅದರ ಕೆಳಗೆ 5 ಮೂಳೆಗಳು ಕೂಡಿಕೊಂಡು ಆದ ಸೇಕ್ರಮ್ ಎಂಬ ತ್ರಿಕೋನಾಕಾರದ ಮೂಳೆ, ಕೊನೆಗೆ ಬಾಲಮೂಳೆ. ಎರಡು ಮೂಳೆಗಳ ನಡುವೆ ಮುಂದೆ ಡಿಸ್ಕ್ ಇರುತ್ತದೆ. ಹಿಂದೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೀಲುಗಳಿರುತ್ತವೆ. ಮಂಡಿಯ ಕೀಲಿನಂತೆಯೇ ಇವಕ್ಕೂ ಪೊರೆ ಇದೆ, ಒಳಗೆ ಜಾರುವುದಕ್ಕೆ ಎಣ್ಣೆಯಂಥ ದ್ರವ ಇದೆ.

ಈ ಮೂಳೆಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿದು ಬರುತ್ತದೆ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಮಟ್ಟಕ್ಕೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆ ಬಾಲದ ಕೂದಲಿನ ಹಾಗೆ ನರಗಳ ಗೊಂಚಲು. ಇದೇ ನರಗಳು ಕಾಲಿಗೆ, ಮೂತ್ರಕೋಶಕ್ಕೆ, ಮಲದ್ವಾರಕ್ಕೆ ಹೋಗುವುದು. ಇಷ್ಟೂ ನರಗಳನ್ನು ಪೊರೆಗಳು ಸುತ್ತಿಕೊಂಡಿವೆ. ಪೊರೆಯ ಒಳಗೆ ತಿಳಿನೀರಿನಂಥ ದ್ರವ ಮಿದುಳಿನಿಂದ ಬೆನ್ನಿನ ತುದಿಯವರೆಗೂ ಓಡಾಡುತ್ತಿರುತ್ತದೆ. ಯಾವುದೇ ಹೊತ್ತಿನಲ್ಲಿ ಇದು ಸುಮಾರು 150 ಮಿಲಿ ಇರುತ್ತದೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ತಯಾರಾಗುತ್ತದೆ.

ಕೀಲಿನ ದ್ರವ ಉಬ್ಬಿ ಬಂದರೆ ಒಂದು ಬಗೆ. ನರದ ಸುತ್ತಲಿನ ನೀರು ಪೊರೆಯಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಬಗೆ. ಇವೆರಡೂ ಅಲ್ಲದ ಕಾರಣಗಳೂ ಇವೆ.

1. ಸವೆತದಿಂದ ಬರುವ ಕೀಲಿನ ಸಿಸ್ಟ್

ಇದಕ್ಕೆ ಸೈನೋವಿಯಲ್ ಸಿಸ್ಟ್ ಅಥವಾ ಫ್ಯಾಸೆಟ್ ಸಿಸ್ಟ್ ಅಂತ ರಿಪೋರ್ಟಿನಲ್ಲಿ ಬರೆದಿರುತ್ತಾರೆ. ಹೆಚ್ಚಾಗಿ 60 ವರ್ಷದ ಆಸುಪಾಸಿನವರಲ್ಲಿ ಕಾಣುತ್ತದೆ. ವರ್ಷಗಟ್ಟಲೆ ಸವೆದು ಸವೆದು ಹಿಂಬದಿಯ ಕೀಲಿನ ಪೊರೆ ಒಂದು ಕಡೆ ದುರ್ಬಲವಾಗುತ್ತದೆ. ಸವೆದ ಕೀಲಿನಲ್ಲಿ ದ್ರವವೂ ಹೆಚ್ಚಾಗುತ್ತದೆ. ಹಳೇ ಟೈರಿನ ಬಿರುಕಿನಿಂದ ಟ್ಯೂಬು ಉಬ್ಬಿ ಹೊರಗೆ ಬರುತ್ತದಲ್ಲ, ಹಾಗೆ ಆ ದುರ್ಬಲ ಜಾಗದಿಂದ ಪೊರೆ ಉಬ್ಬಿ ನರದ ಕೊಳವೆಯೊಳಗೆ ಇಣುಕುತ್ತದೆ.

ಅತಿ ಹೆಚ್ಚು ಕಾಣುವ ಜಾಗ ಸೊಂಟದ 4 ಮತ್ತು 5ನೇ ಮೂಳೆಗಳ ನಡುವೆ, ರಿಪೋರ್ಟಿನ ಭಾಷೆಯಲ್ಲಿ ಎಲ್4-ಎಲ್5. ಬಗ್ಗುವಾಗ, ತಿರುಗುವಾಗ ಹೆಚ್ಚು ಅಲುಗಾಡುವ ಜಾಗ ಅದು. ಅಲ್ಲಿ ಮೂಳೆ ಒಂದರ ಮೇಲೊಂದು ಸ್ವಲ್ಪ ಮುಂದಕ್ಕೆ ಜರುಗಿದ್ದರೆ ಸಿಸ್ಟ್ ಬರುವ ಸಾಧ್ಯತೆ ಇನ್ನೂ ಹೆಚ್ಚು.

ಲಕ್ಷಣ ಸಯಾಟಿಕಾದ ಹಾಗೆಯೇ. ಸೊಂಟದಿಂದ ಕುಂಡೆ, ತೊಡೆ, ಮೀನಖಂಡದವರೆಗೆ ಸೆಳೆತ. ಸ್ವಲ್ಪ ದೂರ ನಡೆದರೆ ಕಾಲು ಭಾರ, ಕೂತರೆ ಆರಾಮ. ಇಂಥವರಲ್ಲಿ ಕೆಲವರಿಗೆ ತಳ್ಳುಗಾಡಿ ಹಿಡಿದು ಮುಂದಕ್ಕೆ ಬಗ್ಗಿ ನಡೆದರೆ, ಸೈಕಲ್ ತುಳಿದರೆ ನೋವಿರುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತರೆ ಮಾತ್ರ ಶುರು. ಮುಂದಕ್ಕೆ ಬಗ್ಗಿದಾಗ ನರದ ಕೊಳವೆ ಸ್ವಲ್ಪ ಅಗಲವಾಗುವುದೇ ಇದಕ್ಕೆ ಕಾರಣ.

ಈ ಸಿಸ್ಟ್ ಒಂದೇ ಅಳತೆಯಲ್ಲಿ ಇರುವುದಿಲ್ಲ. ಕೆಲವು ತಾವಾಗಿಯೇ ಕುಗ್ಗಿ ಮಾಯವಾಗಿದ್ದೂ ಉಂಟು. ಕೆಲವೊಮ್ಮೆ ಒಳಗೆ ರಕ್ತ ಸೋರಿ ದಿಢೀರ್ ದೊಡ್ಡದಾಗಿ, ಒಂದೇ ದಿನದಲ್ಲಿ ನೋವು ತಡೆಯಲಾರದಷ್ಟು ಏರಬಹುದು.

2. ನರದ ಬುಡದ ನೀರುಚೀಲ: ಟಾರ್ಲೋವ್ ಸಿಸ್ಟ್

ಅಮೆರಿಕದ ನರ ಶಸ್ತ್ರಚಿಕಿತ್ಸಕ ಐಸಡೋರ್ ಟಾರ್ಲೋವ್ 1938ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರು ನೋಡಿದ್ದು ಮರಣೋತ್ತರ ಪರೀಕ್ಷೆಯಲ್ಲಿ, ಬೇರೇನೋ ಹುಡುಕುವಾಗ ಆಕಸ್ಮಿಕವಾಗಿ. ಇವತ್ತಿಗೂ ಹೆಚ್ಚಿನವರಿಗೆ ಇದು ಗೊತ್ತಾಗುವುದು ಹಾಗೆಯೇ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ.

ಸೇಕ್ರಮ್ ಮೂಳೆಯೊಳಗೆ ನರ ಹೊರಡುವ ಬುಡದಲ್ಲಿ, ಸಾಮಾನ್ಯವಾಗಿ ಎಸ್2-ಎಸ್3 ಮಟ್ಟದಲ್ಲಿ, ನರದ ಪೊರೆ ಬಲೂನಿನಂತೆ ಉಬ್ಬಿಕೊಂಡಿರುತ್ತದೆ. ಚೀಲದ ಗೋಡೆಯಲ್ಲೇ ನರದ ಎಳೆಗಳಿರುವುದು ಇದರ ಗುರುತು. ಮಹಿಳೆಯರಲ್ಲಿ ಹೆಚ್ಚು.

ಬೆಳೆಯುವುದು ಹೇಗೆ? ಚೀಲದ ಬಾಯಿ ಒಮ್ಮುಖದ ಬಾಗಿಲಿನಂತೆ ಕೆಲಸ ಮಾಡುತ್ತದೆ ಅಂತ ತಜ್ಞರು ಹೇಳುತ್ತಾರೆ. ಕೆಮ್ಮಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಒತ್ತಡಕ್ಕೆ ನೀರು ಒಳಗೆ ನುಗ್ಗುತ್ತದೆ. ಆದರೆ ಅಷ್ಟೇ ಸಲೀಸಾಗಿ ವಾಪಸ್ ಬರುವುದಿಲ್ಲ. ಹೀಗೆ ವರ್ಷಗಳ ಕಾಲ ತುಂಬುತ್ತಾ ಪಕ್ಕದ ಮೂಳೆಯನ್ನೂ ನಿಧಾನಕ್ಕೆ ಸವೆಸಬಹುದು. ಪೊರೆಯಲ್ಲಿ ಹುಟ್ಟಿನಿಂದಲೇ ಇರುವ ದೌರ್ಬಲ್ಯ, ಹಿಂದೆ ಬಿದ್ದ ಪೆಟ್ಟು ಕೂಡ ಕಾರಣವಾಗಬಹುದು.

ಟಾರ್ಲೋವ್ ಸಿಸ್ಟ್ ಇರುವವರಲ್ಲಿ ತೊಂದರೆ ಆಗುವುದು ತೀರಾ ಕೆಲವರಿಗೆ ಮಾತ್ರ. ಆದಾಗ ಕೂತಲ್ಲಿ ಬಾಲಮೂಳೆಯ ಹತ್ತಿರ ಉರಿ, ಮಲಗಿದರೆ ಕಡಿಮೆ, ಕೆಮ್ಮಿದರೆ ಹೆಚ್ಚು, ಮೂತ್ರದ ತೊಂದರೆ, ಕಾಲಿನ ಹಿಂಬದಿ ಜೋಮು ಕಾಣಿಸುತ್ತದೆ. ದಿನವಿಡೀ ಗಲ್ಲಾದಲ್ಲಿ ಕೂರುವವರಿಗೆ ಇದು ಹಿಂಸೆ. ಹಾಗಂತ ಗಲ್ಲಾದಲ್ಲಿ ಕೂತಿದ್ದಕ್ಕೇ ಸಿಸ್ಟ್ ಬಂತು ಅಂತಲ್ಲ. ಇದ್ದ ಸಿಸ್ಟ್ ಕೂತಾಗ ನೋಯುತ್ತದೆ, ಅಷ್ಟೇ.

3. ಪೊರೆಯ ಸಿಸ್ಟ್: ಅರಕ್ನಾಯ್ಡ್

ಬೆನ್ನುಹುರಿ ಸುತ್ತ ಇರುವ ಪೊರೆಗಳಲ್ಲಿ ನಡುವಿನದಕ್ಕೆ ಅರಕ್ನಾಯ್ಡ್ ಅಂತ ಹೆಸರು. ಅದು ಒಂದು ಕಡೆ ಚೀಲವಾಗಿ ಬೇರ್ಪಟ್ಟರೆ ಅರಕ್ನಾಯ್ಡ್ ಸಿಸ್ಟ್. ಎದೆಯ ಹಿಂಭಾಗದ ಬೆನ್ನಿನಲ್ಲಿ, ಬೆನ್ನುಹುರಿಯ ಹಿಂದುಗಡೆ ಹೆಚ್ಚು. ಕೆಲವರಿಗೆ ಹುಟ್ಟಿನಿಂದ ಪೊರೆಯಲ್ಲಿ ಸಣ್ಣ ಸೀಳಿರುತ್ತದೆ. ಇನ್ನು ಕೆಲವರಿಗೆ ಅಪಘಾತ, ಮೆನಿಂಜೈಟಿಸ್ ಜ್ವರ, ಬೆನ್ನಿನ ಆಪರೇಷನ್ ಆದ ಮೇಲೆ ಪೊರೆ ಅಂಟಿಕೊಂಡು ನೀರು ಸಿಕ್ಕಿಹಾಕಿಕೊಳ್ಳುತ್ತದೆ.

ಬೆನ್ನುಹುರಿಯನ್ನೇ ಒತ್ತುವುದರಿಂದ ಇದರಲ್ಲಿ ನೋವಿಗಿಂತ ನಡಿಗೆಯ ಬದಲಾವಣೆ ಮೊದಲು ಕಾಣಬಹುದು. ಕಾಲು ಬಿಗಿಯಾಗುತ್ತದೆ, ಕತ್ತಲಲ್ಲಿ ತೂರಾಡಿದ ಹಾಗಾಗುತ್ತದೆ.

4. ಹುಟ್ಟಿನಿಂದ ಬರುವ ಡರ್ಮಾಯ್ಡ್, ಎಪಿಡರ್ಮಾಯ್ಡ್

ಮಗು ಹೊಟ್ಟೆಯಲ್ಲಿ ಇನ್ನೂ ಮೂರ್ನಾಲ್ಕು ವಾರದ್ದಿರುವಾಗಲೇ ಬೆನ್ನುಹುರಿಯಾಗುವ ಕೊಳವೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಚರ್ಮದ ಒಂದಿಷ್ಟು ಕೋಶಗಳು ಒಳಗೆ ಉಳಿದುಬಿಟ್ಟರೆ ಅವು ಅಲ್ಲೇ ಬೆಳೆಯುತ್ತವೆ. ಹೊರಗಿನ ಚರ್ಮ ಉದುರಿಸುವ ಹೊಟ್ಟಿನಂತೆ ಒಳಗೂ ಉದುರುತ್ತದೆ, ಆದರೆ ಹೋಗುವುದಕ್ಕೆ ದಾರಿಯಿಲ್ಲ. ಚೀಲ ವರ್ಷಗಟ್ಟಲೆ ನಿಧಾನಕ್ಕೆ ದಪ್ಪವಾಗುತ್ತದೆ.

ಮಗುವಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವ ಅಜ್ಜಿಯಂದಿರು ಒಂದು ವಿಷಯ ಗಮನಿಸಿ. ಬೆನ್ನಿನ ನಡುಗೆರೆಯಲ್ಲಿ ಕೂದಲಿನ ಗುಚ್ಛ, ಸಣ್ಣ ತೂತು, ಅದರಿಂದ ದ್ರವ ಜಿನುಗುವುದು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಆ ತೂತು ಒಳಗಿನವರೆಗೂ ಇದ್ದರೆ ಅದರ ಮೂಲಕ ಸೋಂಕು ಮಿದುಳಿನ ಪೊರೆಗೂ ಹೋಗಬಹುದು. ಕುಂಡೆಯ ಸೀಳಿನೊಳಗೆ ಮಾತ್ರ ಇರುವ ಚಿಕ್ಕ ಕುಳಿ ಸಾಮಾನ್ಯವಾಗಿ ನಿರಪಾಯ.

‘ಸಿಸೇರಿಯನ್‌ನಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದಕ್ಕೇ ಸಿಸ್ಟ್ ಆಯ್ತು’ ಅಂತ ಹೇಳುವವರಿದ್ದಾರೆ. ಹಿಂದೆ ಒಳಗಡ್ಡಿ ಇಲ್ಲದ ಟೊಳ್ಳು ಸೂಜಿಯಿಂದ ಬೆನ್ನಿನ ನೀರು ತೆಗೆಯುವಾಗ ಚರ್ಮದ ಚೂರು ಒಳಗೆ ಹೋಗಿ ಎಪಿಡರ್ಮಾಯ್ಡ್ ಆದ ಪ್ರಸಂಗಗಳಿವೆ. ಈಗ ಬೆನ್ನಿಗೆ ಬಳಸುವ ಸೂಜಿಯೊಳಗೆ ಗಡ್ಡಿ ಇರುತ್ತದೆ. ಹೀಗಾಗುವುದು ಅತಿ ಅಪರೂಪ.

5. ಮೂಳೆಯೊಳಗಿನ ರಕ್ತದ ಸಿಸ್ಟ್

ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಎಂಬ ಇದು ಹೆಚ್ಚಾಗಿ 20 ವರ್ಷದೊಳಗಿನವರಿಗೆ ಬರುತ್ತದೆ. ಬೆನ್ನುಮೂಳೆಯ ಹಿಂಬದಿಯ ಭಾಗದಲ್ಲಿ ರಕ್ತ ತುಂಬಿದ ಕೋಣೆಗಳಾಗಿ ಮೂಳೆ ಉಬ್ಬುತ್ತದೆ. ಕ್ಯಾನ್ಸರ್ ಅಲ್ಲ, ಬೇರೆ ಅಂಗಕ್ಕೆ ಹರಡುವುದಿಲ್ಲ. ಆದರೆ ಬೇಗ ಬೆಳೆಯುತ್ತದೆ, ಮೂಳೆ ಕುಸಿಯಬಹುದು, ತೆಗೆದ ಮೇಲೂ ಮತ್ತೆ ಬರಬಹುದು. ಹದಿಹರೆಯದ ಮಗ ಅಥವಾ ಮಗಳು ವಾರಗಟ್ಟಲೆ ರಾತ್ರಿ ಹೊತ್ತು ಬೆನ್ನು ನೋವು ಅಂತ ಎದ್ದು ಕೂರುತ್ತಿದ್ದರೆ, ‘ಸ್ಕೂಲ್ ಬ್ಯಾಗ್ ಭಾರ’ ಅಂತ ತಳ್ಳಿಹಾಕದೆ ತೋರಿಸಿ.

6. ನಾಯಿ-ಕುರಿಯ ನಂಟಿನ ಹೈಡಾಟಿಡ್ ಸಿಸ್ಟ್

ಕುರಿ ಸಾಕಣೆ ಹೆಚ್ಚಿರುವ ನಮ್ಮ ರಾಜ್ಯದಲ್ಲಿ ಇದನ್ನು ತಿಳಿದಿರಲೇಬೇಕು. ನಾಯಿಯ ಕರುಳಿನಲ್ಲಿರುವ ಎಕಿನೊಕಾಕಸ್ ಎಂಬ ಸಣ್ಣ ಲಾಡಿಹುಳದ ಮೊಟ್ಟೆ ಮಲದ ಮೂಲಕ ಮಣ್ಣು, ಸೊಪ್ಪು, ನೀರು ಸೇರುತ್ತದೆ. ಅದನ್ನು ಮೇಯ್ದ ಕುರಿ-ಮೇಕೆಯ ಲಿವರ್‌ನಲ್ಲಿ ಸಿಸ್ಟ್ ಆಗುತ್ತದೆ. ಆ ಲಿವರ್ ತಿಂದ ನಾಯಿಗೆ ಮತ್ತೆ ಹುಳ. ನಡುವೆ ಕೈ ತೊಳೆಯದೆ ಉಂಡ ಮನುಷ್ಯನ ಹೊಟ್ಟೆಗೂ ಮೊಟ್ಟೆ ಸೇರಿದರೆ ಹೆಚ್ಚಾಗಿ ಲಿವರ್, ಶ್ವಾಸಕೋಶದಲ್ಲಿ ಸಿಸ್ಟ್ ಬೆಳೆಯುತ್ತದೆ. ಮೂಳೆಗೆ ಬರುವುದು ಅಪರೂಪ. ಬಂದರೆ ಅದರಲ್ಲಿ ಸುಮಾರು ಅರ್ಧದಷ್ಟು ಬೆನ್ನುಮೂಳೆಗೇ.

ಇದು ಕ್ಯಾನ್ಸರ್ ಅಲ್ಲದಿದ್ದರೂ ಸಾಧು ರೋಗವೇನಲ್ಲ. ಒಳಗಿನ ನೀರು ಚೆಲ್ಲಿದರೆ ತೀವ್ರ ಅಲರ್ಜಿ ಆಗಬಹುದು, ಬೇರೆ ಕಡೆಗೂ ಹರಡಬಹುದು. ಹಾಗಾಗಿ ಗೊತ್ತಿಲ್ಲದೆ ಸೂಜಿ ಚುಚ್ಚಬಾರದು. ಆಪರೇಷನ್ ಜೊತೆಗೆ ಅಲ್ಬೆಂಡಜೋಲ್ ಮಾತ್ರೆಯನ್ನು ತಿಂಗಳುಗಟ್ಟಲೆ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾಗುತ್ತದೆ. ಮಾಂಸದ ಅಂಗಡಿಯವರು ಹಸಿ ಲಿವರ್, ಬೊಟಿ ನಾಯಿಗಳಿಗೆ ಎಸೆಯದಿರುವುದು, ಸಾಕುನಾಯಿಗೆ ಪಶುವೈದ್ಯರ ಸಲಹೆಯಂತೆ ಜಂತುಹುಳದ ಮಾತ್ರೆ ಕೊಡಿಸುವುದು, ಸೊಪ್ಪು ಚೆನ್ನಾಗಿ ತೊಳೆಯುವುದು, ಇಷ್ಟರಿಂದಲೇ ಈ ಸರಪಳಿ ಕಡಿಯುತ್ತದೆ.

ಇವು ಬೆನ್ನುಮೂಳೆ ಸಿಸ್ಟ್ ಅಲ್ಲ

ಬೆನ್ನಿನ ಮೇಲೆ ಕೈಗೆ ಸಿಗುವ ಮೆತ್ತಗಿನ ಉಂಡೆ ಸಾಮಾನ್ಯವಾಗಿ ಕೊಬ್ಬಿನ ಗಡ್ಡೆ ಅಥವಾ ಚರ್ಮದ ಸಿಸ್ಟ್. ಬಾಲಮೂಳೆ ಮೇಲೆ ಕೀವು ಸೋರುವ ಗಂಟು ಪೈಲೋನಿಡಲ್ ಸೈನಸ್. ಕೂದಲು ಚರ್ಮದೊಳಗೆ ಹೊಕ್ಕು ಆಗುವಂಥದ್ದು, ಜನರಲ್ ಸರ್ಜನ್ ಹತ್ತಿರ ಹೋಗಬೇಕು. ಸೊಂಟದ ಎಂಆರ್‌ಐ ರಿಪೋರ್ಟಿನ ಕೊನೆಯಲ್ಲಿ ಕಿಡ್ನಿ ಅಥವಾ ಅಂಡಾಶಯದ ಸಿಸ್ಟ್ ಬರೆದಿದ್ದರೆ ಅದು ಆ ಅಂಗದ್ದು, ಬೆನ್ನುಮೂಳೆಯದ್ದಲ್ಲ.

ಒಂದು ಎಚ್ಚರ: ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಜೊತೆಗೆ ಬೆನ್ನು ನೋವಿದ್ದು ಸ್ಕ್ಯಾನಿನಲ್ಲಿ ‘ದ್ರವ ತುಂಬಿದೆ’ ಅಂತ ಬಂದರೆ ಅದು ಬೆನ್ನುಮೂಳೆ ಕ್ಷಯದ ಕೀವಿರಬಹುದು. ಟಿಬಿ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

- ಮೂತ್ರ ಕಟ್ಟಿಕೊಳ್ಳುವುದು, ಗೊತ್ತಿಲ್ಲದೆ ಸೋರುವುದು, ಮಲದ ಹಿಡಿತ ತಪ್ಪುವುದು
- ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿರುವುದು
- ಪಾದ ಎತ್ತಲಾಗದಿರುವುದು, ಚಪ್ಪಲಿ ಕಾಲಿನಿಂದ ಜಾರಿದ್ದೇ ತಿಳಿಯದಿರುವುದು
- ಎರಡೂ ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಂದುವುದು
- ಬೆನ್ನು ನೋವಿನ ಜೊತೆ ಜ್ವರ, ಅಥವಾ ಹಿಂದೆ ಕ್ಯಾನ್ಸರ್ ಚಿಕಿತ್ಸೆ ಆಗಿರುವುದು

ಮೊದಲ ಎರಡನ್ನು ಹೇಳಿಕೊಳ್ಳಲು ನಾಚಿಕೆಪಟ್ಟು, ಅದರಲ್ಲೂ ಹೆಣ್ಣುಮಕ್ಕಳು, ದಿನ ತಳ್ಳುತ್ತಾರೆ. ಒತ್ತಿದ ನರ ತಡವಾದಷ್ಟೂ ಚೇತರಿಸಿಕೊಳ್ಳುವುದು ಕಷ್ಟ. ಆಪರೇಷನ್ ಆದರೂ ಮೂತ್ರದ ಹಿಡಿತ ವಾಪಸ್ ಬರದೇ ಇರಬಹುದು. ಶುಗರ್ ಇರುವವರು ಕಾಲಿನ ಜೋಮನ್ನೆಲ್ಲ ಶುಗರ್ ಲೆಕ್ಕಕ್ಕೇ ಬರೆಯಬೇಡಿ.

ಯಾವ ಪರೀಕ್ಷೆ?

ಎಕ್ಸ್-ರೇಯಲ್ಲಿ ನೀರಿನ ಚೀಲ ಕಾಣುವುದಿಲ್ಲ. ಮೂಳೆ ಜರುಗಿದ್ದು, ಸವೆದಿದ್ದು ಗೊತ್ತಾಗುತ್ತದೆ. ಸಿಸ್ಟ್ ಸರಿಯಾಗಿ ಕಾಣಲು ಎಂಆರ್‌ಐ ಬೇಕು. ಅದರಲ್ಲಿ ಎಕ್ಸ್-ರೇ ಕಿರಣ ಇರುವುದಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದರೆ, ಮೈಯಲ್ಲಿ ಲೋಹ ಇದ್ದರೆ ಮೊದಲೇ ಹೇಳಿ.

ರಿಪೋರ್ಟಿನ ಕೆಲವು ಪದಗಳ ಅರ್ಥ ಹೀಗಿದೆ. ‘ಟಿ2 ಹೈಪರ್‌ಇಂಟೆನ್ಸ್’ ಅಂದರೆ ಆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತಿದೆ, ದ್ರವ ಇರಬಹುದು. ‘ಇನ್ಸಿಡೆಂಟಲ್’ ಅಂದರೆ ಬೇರೇನೋ ನೋಡುವಾಗ ಸಿಕ್ಕಿದ್ದು. ‘ಕ್ಲಿನಿಕಲ್ ಕೋರಿಲೇಷನ್’ ಅಂದರೆ ರೋಗಿಯನ್ನು ಮುಟ್ಟಿ ಪರೀಕ್ಷೆ ಮಾಡಿ ತಾಳೆ ನೋಡಿ. ಈ ಕೊನೆಯದ್ದೇ ಮುಖ್ಯ. ಸಿಸ್ಟ್ ಎಡಗಡೆ ಇದ್ದು ನೋವು ಬಲಗಾಲಿಗೆ ಇದ್ದರೆ ಕಾರಣ ಬೇರೆ ಹುಡುಕಬೇಕು. ವಾಟ್ಸ್ಆ್ಯಪ್‌ನಲ್ಲಿ ರಿಪೋರ್ಟ್ ಫೋಟೊ ಕಳಿಸಿ ಸಲಹೆ ಕೇಳಿದರೆ ಈ ತಾಳೆ ಆಗುವುದಿಲ್ಲ.

ಚಿಕಿತ್ಸೆ ಏನು?

ತೊಂದರೆ ಕೊಡದ ಸಿಸ್ಟ್‌ಗೆ ಹೆಚ್ಚಾಗಿ ಏನೂ ಮಾಡುವುದಿಲ್ಲ. ವೈದ್ಯರು ಹೇಳಿದ ಅವಧಿಗೆ ಮತ್ತೆ ನೋಡುತ್ತಾರೆ. ನೋವಿದ್ದರೆ ಕೆಲ ವಾರ ಮಾತ್ರೆ, ಫಿಸಿಯೋಥೆರಪಿ. ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್‌ನಂಥ ಮಾತ್ರೆ ತಾವೇ ಕೇಳಿ ತಿಂಗಳಾನುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆಯ ಅಪಾಯ ಇದೆ, ಬಿಪಿ ಇದ್ದವರಿಗೆ ಇನ್ನೂ ಹೆಚ್ಚು.

ಕೀಲಿನ ಸಿಸ್ಟ್‌ಗೆ ಯಂತ್ರದಲ್ಲಿ ನೋಡಿಕೊಂಡೇ ಸೂಜಿ ಹಾಕಿ ಸ್ಟೀರಾಯ್ಡ್ ಕೊಡುವುದು ಅಥವಾ ಸಿಸ್ಟ್ ಒಡೆಯುವುದು ಒಂದು ದಾರಿ. ಕೆಲವರಿಗೆ ಪೂರ್ತಿ ಗುಣ, ಕೆಲವರಿಗೆ ಸ್ವಲ್ಪ ದಿನದ ಆರಾಮ. ಆಗದಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರೆ. ಸ್ಕ್ರೂ-ರಾಡ್ ಪ್ರಶ್ನೆ ಬರುವುದು ಹೆಚ್ಚಾಗಿ ಮೂಳೆ ಜರುಗಿದ್ದರೆ. ಟಾರ್ಲೋವ್ ಸಿಸ್ಟ್ ಆಪರೇಷನ್ ವಿಚಾರದಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ನರ ಗೋಡೆಯಲ್ಲೇ ಇರುವುದರಿಂದ ನರಕ್ಕೆ ಪೆಟ್ಟು, ನೀರು ಸೋರಿಕೆಯ ಅಪಾಯ ಇದೆ. ‘ನಾಳೆಯೇ ಅಡ್ಮಿಟ್ ಆಗಿ’ ಅಂದರೆ, ಮೇಲಿನ ಅಪಾಯದ ಲಕ್ಷಣ ಇಲ್ಲದಿದ್ದಲ್ಲಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟಕ್ಕೆ ಒದೆಸಿಕೊಳ್ಳುವುದು, ಬೆನ್ನ ಮೇಲೆ ಹತ್ತಿ ತುಳಿಸುವುದು, ಲಟಿಕೆ ಮುರಿಸುವುದು, ಇವು ಸ್ನಾಯು ಹಿಡಿತಕ್ಕೆ ನಡೆದುಬಂದ ಅಭ್ಯಾಸ. ಒಳಗೆ ಸಿಸ್ಟ್ ಇರುವಾಗ, ಮೂಳೆ ಟೊಳ್ಳಾಗಿರುವಾಗ ಇದನ್ನು ಮಾಡಿಸಿದರೆ ನಡೆದು ಹೋದವರು ಎತ್ತಿಕೊಂಡು ಬರುವ ಹಾಗಾಗಬಹುದು.

ಎಲ್ಲಿಗೆ ಹೋಗಬೇಕು, ಖರ್ಚು?

ಮೊದಲು ತಾಲ್ಲೂಕು ಆಸ್ಪತ್ರೆಯ ಮೂಳೆ ವೈದ್ಯರು ಅಥವಾ ಫಿಸಿಷಿಯನ್. ಅಲ್ಲಿಂದ ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು. ನರ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಿವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ ಸಿಗುತ್ತದೆ. ತುರ್ತು ಅಲ್ಲದ ಆಪರೇಷನ್‌ಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಹಣ ಕಟ್ಟಿದ ಮೇಲೆ ಚೀಟಿ ಹುಡುಕಿದರೆ ಪ್ರಯೋಜನವಿಲ್ಲ.

ವೈದ್ಯರ ಹತ್ತಿರ ಹೋಗುವಾಗ ಎಂಆರ್‌ಐ ಫಿಲಂ ಅಥವಾ ಸಿಡಿಯನ್ನೇ ಒಯ್ಯಿರಿ, ಬರೀ ರಿಪೋರ್ಟ್ ಹಾಳೆ ಸಾಲದು. ನೋವು ಎಂದಿನಿಂದ, ಕೂತಾಗಲೋ ನಡೆದಾಗಲೋ, ಯಾವ ಕಾಲಿಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲು ಹೇಳಿದ ಮೂರು ಪ್ರಶ್ನೆ ಕೇಳಿ: ಯಾವ ಬಗೆ, ಎಲ್ಲಿ, ನನ್ನ ನೋವಿಗೆ ಇದೇ ಕಾರಣವಾ? ಜೊತೆಗೆ ನಾಲ್ಕನೆಯದ್ದೂ ಇರಲಿ: ಈಗ ಏನೂ ಮಾಡದೆ ಕಾದರೆ ಏನಾಗುತ್ತೆ? ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಆಪರೇಷನ್ ಬೇಕೋ ಬೇಡವೋ ಅಂತ ಮನೆಯವರು ಕೂತು ಮಾತಾಡಬಹುದು.